ಬಿಗಿ ಮಾಡಿದಷ್ಟೂ ಸಡಿಲ: ಹಳೆ ಹಾಯಿದೋಣಿಯೊಂದರ ಪ್ರಕರಣ ಅಧ್ಯಯನ

ದೋಣಿ ಸುಮಾರು 7 ಮೀಟರ್ ಉದ್ದದ್ದು. 1970ರ ದಶಕದಲ್ಲಿ ಫೈಬರ್‌ಗ್ಲಾಸಿನಲ್ಲಿ ಕಟ್ಟಿದ್ದು. ಒಂದು ಕೂವೆಕಂಬ, ಎರಡು ಹಾಯಿ. ಕಂಬ ದೋಣಿಯ ತಳದವರೆಗೆ ಇಳಿಯುವುದಿಲ್ಲ, ಡೆಕ್ ಅಂದರೆ ದೋಣಿಯ ಮೇಲ್ಹಾಸಿನ ಮೇಲೆಯೇ ನಿಲ್ಲುತ್ತದೆ. ಆ ಕಾಲದ ಸಣ್ಣ ದೋಣಿಗಳಲ್ಲಿ ಇದು ತೀರಾ ಮಾಮೂಲಿ ಏರ್ಪಾಡು.

ಯಜಮಾನರ ದೂರು ಇಷ್ಟೇ: ಕಂಬ ಹಿಡಿದಿರುವ ತಂತಿಗಳು ಬಿಗಿಯಾಗಿ ನಿಲ್ಲುವುದೇ ಇಲ್ಲ. ಹೊರಡುವ ಮುಂಚೆ ಟರ್ನ್‌ಬಕಲ್ (ಎರಡು ಬೋಲ್ಟ್‌ಗಳನ್ನು ಒಳಕ್ಕೆ ಎಳೆದು ತಂತಿ ಬಿಗಿಸುವ ತಿರುಪು) ತಿರುಗಿಸಿ ಬಿಗಿ ಮಾಡುತ್ತಾರೆ. ಹೋಗಿ ಬರುವಷ್ಟರಲ್ಲಿ ಮತ್ತೆ ಸಡಿಲ. ಗಾಳಿಗೆ ಎದುರಾಗಿ ಓರೆಯಲ್ಲಿ ಹೋಗುವಾಗ ಮರೆಯ ಕಡೆಯ, ಅಂದರೆ ಗಾಳಿ ಬರುವ ದಿಕ್ಕಿಗೆ ಆಚೆ ಬದಿಯ, ತಂತಿಗಳು ಜೋತು ಬಿದ್ದು ಬಡಿದಾಡುತ್ತವೆ. ಕಂಬದ ತುದಿ ಪಕ್ಕಕ್ಕೆ ವಾಲುತ್ತದೆ. ಮುಂದಿನ ಹಾಯಿಯ ಅಂಚು ಹೊಟ್ಟೆ ಬಿಡುತ್ತದೆ, ದೋಣಿ ಗಾಳಿಯ ಕಡೆ ಮುಖ ಮಾಡುವುದಿಲ್ಲ. "ವೈರ್ ಹಳೇದಾಗಿ ಎಳೆದುಕೊಂಡಿದೆ, ಎಲ್ಲ ಬದಲಾಯಿಸಿಬಿಡಿ" ಅಂತ ಒಂದಿಬ್ಬರು ಹೇಳಿದ್ದರು. ಯಜಮಾನರು ಅದಕ್ಕೆ ತಯಾರಾಗಿಯೇ ಇದ್ದರು. ಹೊಸ ತಂತಿಗೆ ಅಳತೆ ತೆಗೆದುಕೊಡಿ ಅಂತ ನನ್ನನ್ನು ಕರೆದಿದ್ದರು.

ಅವತ್ತು ಅಳತೆ ತೆಗೆಯಲಿಲ್ಲ. ತಂತಿಗಿಂತ ಮೊದಲು ನೋಡಬೇಕಾದದ್ದು ಬೇರೆ ಇತ್ತು.

ಯಾವ ತಂತಿ ಏನು ಮಾಡುತ್ತದೆ

ಹೊಸಬರಿಗಾಗಿ ಎರಡು ಮಾತು. ಈ ದೋಣಿಯ ಕಂಬಕ್ಕೆ ಒಟ್ಟು ಎಂಟು ತಂತಿ. ದೋಣಿಯ ಮುಂದಿನ ತುದಿಗೆ ಇಳಿಯುವುದು ಫೋರ್‌ಸ್ಟೇ, ಹಿಂದಿನ ತುದಿಗೆ ಇಳಿಯುವುದು ಬ್ಯಾಕ್‌ಸ್ಟೇ. ಪಕ್ಕಗಳಿಗೆ ಇಳಿಯುವವು ಶ್ರೌಡ್‌ಗಳು. ಅವುಗಳಲ್ಲಿ ಎರಡು ಕಂಬದ ನೆತ್ತಿಯಿಂದ ಹೊರಟು, ಸ್ಪ್ರೆಡರ್ ಅನ್ನುವ ಅಡ್ಡತೋಳಿನ ತುದಿ ಹಾದು ಕೆಳಗೆ ಬರುತ್ತವೆ. ಉಳಿದ ನಾಲ್ಕು ಕಂಬದ ನಡುವಿನಿಂದ ಬರುವ ಕೆಳಗಿನ ಶ್ರೌಡ್‌ಗಳು, ಪಕ್ಕಕ್ಕೆ ಎರಡೆರಡು. ಪ್ರತಿ ತಂತಿಯ ಬುಡದಲ್ಲೂ ಒಂದು ಟರ್ನ್‌ಬಕಲ್. ಶ್ರೌಡ್‌ಗಳ ಟರ್ನ್‌ಬಕಲ್ ಕೆಳಗೆ ಚೈನ್‌ಪ್ಲೇಟ್ ಅನ್ನುವ ಸ್ಟೀಲ್ ಪಟ್ಟಿ. ಅದು ಡೆಕ್ ತೂರಿಕೊಂಡು ಹೋಗಿ ಒಳಗಿನ ಅಡ್ಡಗೋಡೆಗೆ ಬೋಲ್ಟ್ ಆಗಿರುತ್ತದೆ.

ತಂತಿ 4 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್, 1×19 ಹೆಣಿಗೆ. ನಡುವೆ ಒಂದು ಎಳೆ, ಅದರ ಸುತ್ತ ಆರು, ಅದರ ಹೊರಗೆ ಹನ್ನೆರಡು. ಎಳೆಗಳು ದಪ್ಪ, ಸಂಖ್ಯೆ ಕಡಿಮೆ. ಹಾಗಾಗಿ ಸುಲಭಕ್ಕೆ ಬಗ್ಗುವುದಿಲ್ಲ, ಜಾಸ್ತಿ ಹಿಗ್ಗುವುದೂ ಇಲ್ಲ. ನಿಂತಲ್ಲೇ ನಿಂತು ಭಾರ ಹಿಡಿಯುವ ಕೆಲಸಕ್ಕೆ ಬೇಕಾದದ್ದೂ ಅದೇ.

ಎಂಟೂ ತಂತಿ ಕೆಳಕ್ಕೆ ಎಳೆಯುತ್ತವೆ. ಆ ಎಳೆತವೆಲ್ಲ ಸೇರಿ ಕಂಬವನ್ನು ಡೆಕ್ ಮೇಲೆ ಒತ್ತುತ್ತದೆ. ಗಾಳಿಯೇ ಇಲ್ಲದೆ ದೋಣಿ ಸುಮ್ನೆ ನಿಂತಿರುವಾಗಲೂ, ಸರಿಯಾಗಿ ಬಿಗಿದ ಈ ಅಳತೆಯ ಕಂಬದ ಬುಡದಲ್ಲಿ ಹತ್ತಿರ ಹತ್ತಿರ ಒಂದು ಟನ್ ಒತ್ತಡ ಇರುತ್ತದೆ. ಅಷ್ಟು ಭಾರ ಡೆಕ್‌ನಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಬಹಳ ಜನ ಯೋಚಿಸುವುದಿಲ್ಲ. ಕಣ್ಣಿಗೆ ಕಾಣುವುದು ತಂತಿ, ಅನುಮಾನವೂ ತಂತಿಯ ಮೇಲೇ.

ಎಂಟೂ ಒಟ್ಟಿಗೆ ಸಡಿಲವಾದರೆ

ಸ್ಪ್ಯಾನರ್ ಮುಟ್ಟುವ ಮೊದಲು ಟರ್ನ್‌ಬಕಲ್‌ಗಳನ್ನು ಒಂದೊಂದಾಗಿ ನೋಡಿದೆ. ಇವು ಪಕ್ಕ ತೆರೆದಿರುವ ಬಗೆಯವು, ಒಳಗಿನ ಥ್ರೆಡ್ ಕಾಣುತ್ತದೆ. ಸರಿಯಾಗಿ ಹೊಂದಿಸಿದ ದೋಣಿಯಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವೆ ಸಾಕಷ್ಟು ಜಾಗ ಉಳಿದಿರಬೇಕು, ಮುಂದೆ ಬಿಗಿ ಮಾಡಲು ಅದೇ ಆಸ್ತಿ. ಇಲ್ಲಿ ಎರಡೂ ಬೋಲ್ಟ್‌ಗಳ ತುದಿ ಮೂಗಿಗೆ ಮೂಗು ತಾಗಿಸುವಂತೆ ನಿಂತಿದ್ದವು. ಒಂದರಲ್ಲಿ ಅಲ್ಲ, ಎಂಟರಲ್ಲೂ.

ನನಗೆ ಸಿಕ್ಕ ಮೊದಲ ಮತ್ತು ದೊಡ್ಡ ಸುಳಿವು ಇದೇ. ಒಂದು ತಂತಿಯ ತುದಿ ಜಾರುತ್ತಿದ್ದರೆ ಆ ಒಂದು ತಂತಿ ಸಡಿಲವಾಗುತ್ತದೆ. ಒಂದು ಚೈನ್‌ಪ್ಲೇಟ್ ಮೇಲೆ ಏಳುತ್ತಿದ್ದರೆ ಆ ಬದಿ ಮಾತ್ರ ಸಡಿಲ. ಮುಂದೆ, ಹಿಂದೆ, ಎಡ, ಬಲ ಎಲ್ಲವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಸಡಿಲವಾದರೆ, ಎಂಟಕ್ಕೂ ಸಾಮಾನ್ಯವಾದ ಜಾಗ ನೋಡಬೇಕು. ಅಂಥ ಜಾಗ ಇರುವುದು ಒಂದೇ, ಕಂಬದ ಬುಡ.

ತಂತಿ ಎಳೆದುಕೊಂಡಿದೆ ಅನ್ನುವ ಮಾತನ್ನೂ ತೂಗಿ ನೋಡಬೇಕು. ಹೊಸ ತಂತಿ ಮೊದಮೊದಲು ಸ್ವಲ್ಪ ಹಿಗ್ಗುವುದು ನಿಜ, ಎಳೆಗಳು ಒಂದರ ಮೇಲೊಂದು ಕೂತುಕೊಳ್ಳುತ್ತವೆ. ಅದು ಆರಂಭದಲ್ಲೇ ಮುಗಿದುಹೋಗುತ್ತದೆ. ವರ್ಷಗಟ್ಟಲೆ ಬಳಸಿದ ತಂತಿ ಪ್ರತಿ ಸಲ ದೋಣಿ ಬಿಟ್ಟಾಗಲೂ ಉದ್ದವಾಗುತ್ತಾ ಹೋಗುವುದಿಲ್ಲ. ಹಳೆ ತಂತಿ ಮುರಿಯುತ್ತದೆ, ತುಕ್ಕು ಹಿಡಿಯುತ್ತದೆ, ಆದರೆ ಹೀಗೆ ಬೆಳೆಯುವುದಿಲ್ಲ.

ಎರಡನೇ ಸುಳಿವು ಕ್ಯಾಬಿನ್ ಒಳಗೆ ಸಿಕ್ಕಿತು. ಕಂಬದ ನೇರ ಕೆಳಗೆ, ಅಡ್ಡಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಅದು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದರೆ ಮಾತ್ರ ತೆಗೆಯಲು ಬರುತ್ತಿತ್ತು.

"ತೇವಕ್ಕೆ ಮರ ಉಬ್ಬಿದೆ. ಮೇಲಂಚು ಒಂದ್ಸಲ ಉಜ್ಜಿಸಿದ್ದೆ, ಮತ್ತೆ ಹಿಡೀತಿದೆ" ಅಂದರು ಯಜಮಾನರು.

"ಉಜ್ಜಿಸಿದ ಮೇಲೆ ತಂತಿ ಬಿಗಿ ಮಾಡಿದ್ರಾ?"

"ಮಾಡಿದೀನಿ, ಯಾವಾಗ್ಲೂ ಮಾಡ್ತಾನೇ ಇರ್ತೀನಲ್ಲ."

ಬಾಗಿಲಿನ ಮೇಲೆ, ಡೆಕ್‌ನ ಅಡಿಗೆ, ಅಗಲಕ್ಕೆ ಒಂದು ಮರದ ತೊಲೆ. ಕಂಬದ ಭಾರ ಡೆಕ್ ಮೂಲಕ ಈ ತೊಲೆಗೆ, ತೊಲೆಯಿಂದ ಎರಡೂ ಪಕ್ಕದ ಅಡ್ಡಗೋಡೆಗೆ, ಅಲ್ಲಿಂದ ದೋಣಿಯ ತಳಕ್ಕೆ ಹೋಗಬೇಕು. ಬಾಗಿಲಿಗೆ ಜಾಗ ಬಿಡಬೇಕು ಅಂತ ಕಂಬದ ಕೆಳಗೆ ನೇರ ಊರೆ ಕೊಡದೆ ಹೀಗೆ ತೊಲೆಯ ಮೇಲೆ ನಿಲ್ಲಿಸಿದ್ದಾರೆ. ತೊಲೆ ಗಟ್ಟಿ ಇರುವ ತನಕ ಇದರಲ್ಲಿ ತಪ್ಪೇನಿಲ್ಲ.

ಸಾಬೀತು ಮಾಡಿದ ರೀತಿ

ಅನುಮಾನವೊಂದನ್ನೇ ನಂಬಿ ಡೆಕ್ ಕೊಯ್ಯಲು ಆಗುವುದಿಲ್ಲ. ಮೊದಲು ಮಾಡಿದ ಪರೀಕ್ಷೆಗಳಿಗೆ ಒಂದು ಸ್ಕೇಲ್, ಒಂದು ಪೆನ್ಸಿಲ್, ಒಂದು ಪ್ಲಾಸ್ಟಿಕ್ ಸುತ್ತಿಗೆ ಸಾಕಾಯಿತು.

ತಂತಿಗಳು ಬಿಗಿ ಇದ್ದಾಗ ಬಾಗಿಲಿಗೂ ಮೇಲಿನ ಚೌಕಟ್ಟಿಗೂ ನಡುವೆ ಸಂದೇ ಇರಲಿಲ್ಲ. ಎಂಟೂ ಟರ್ನ್‌ಬಕಲ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಬಂದೆವು, ಕಂಬ ಬೀಳದಷ್ಟು ಮಾತ್ರ. ಬಾಗಿಲು ತಾನಾಗಿಯೇ ಬಿಡಿಸಿಕೊಂಡಿತು, ಬೆರಳಲ್ಲಿ ತಳ್ಳಿದರೆ ಆಡುತ್ತಿತ್ತು. ಸಂದು ಅಳೆದರೆ ಸುಮಾರು 4 ಮಿ.ಮೀ. ತೇವಕ್ಕೆ ಉಬ್ಬಿದ ಮರ ಟರ್ನ್‌ಬಕಲ್ ತಿರುಗಿಸಿದರೆ ಕುಗ್ಗುವುದಿಲ್ಲ, ಅಲ್ವಾ?

ಆಮೇಲೆ ಡೆಕ್ ಮೇಲೆ, ಕಂಬದ ಬುಡದ ಪಕ್ಕದಲ್ಲಿ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು ನೋಡಿದೆವು. ಡೆಕ್ ನಡುವೆ ಉಬ್ಬಿರಬೇಕು, ನೀರು ಪಕ್ಕಕ್ಕೆ ಹರಿದುಹೋಗಲಿ ಅಂತ ಹಾಗೆ ಕಟ್ಟಿರುತ್ತಾರೆ. ಇಲ್ಲಿ ಕಂಬದ ಸುತ್ತ ಒಂದು ತಗ್ಗು. ಸ್ವಲ್ಪ ಮುಂದೆ, ಹಾಳಾಗದ ಕಡೆಯ ಉಬ್ಬಿಗೆ ಹೋಲಿಸಿ ಲೆಕ್ಕ ಹಾಕಿದರೆ ಡೆಕ್ ಸುಮಾರು 15 ಮಿ.ಮೀ. ಕುಸಿದಿತ್ತು.

ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬಂದರೆ, ದೂರದಲ್ಲಿ ಟಣ್ ಟಣ್ ಅನ್ನುವ ಗಟ್ಟಿ ಸದ್ದು. ಕಂಬದಿಂದ ಎರಡು ಗೇಣು ಇರುವಾಗ ಸದ್ದು ಇಳಿಯಿತು, ಬುಡಕ್ಕೆ ಬರುವಷ್ಟರಲ್ಲಿ ಬರೀ ಡಬ್ ಡಬ್. ಸದ್ದು ಬದಲಾದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿದೆವು. ಗುರುತುಗಳು ಸೇರಿ ಕಂಬದ ಸುತ್ತ ಹಿಂದಕ್ಕೆ ಚಾಚಿದ ಒಂದು ಆಕಾರ ಆಯಿತು. ನೀರು ಒಳಗೆ ಎತ್ತ ಹರಡಿದೆ ಅನ್ನುವುದಕ್ಕೆ ಅದೇ ನಕ್ಷೆ.

ಚೈನ್‌ಪ್ಲೇಟ್‌ಗಳನ್ನು ಬಿಡುವ ಹಾಗಿರಲಿಲ್ಲ. ಹಳೆ ದೋಣಿಯಲ್ಲಿ ಅವು ಮೇಲೆ ಏಳುವುದೂ ಉಂಟು. ತಂತಿ ಸಡಿಲ ಇದ್ದಾಗ ಪ್ರತಿ ಚೈನ್‌ಪ್ಲೇಟಿನ ಮೇಲೆ, ಡೆಕ್ ಮಟ್ಟಕ್ಕೆ ಸರಿಯಾಗಿ ಒಂದು ಸಣ್ಣ ಗೆರೆ ಎಳೆದೆವು. ಮತ್ತೆ ಬಿಗಿ ಮಾಡಿ ನೋಡಿದರೆ ಗೆರೆ ಕದಲಿರಲಿಲ್ಲ. ದೋಣಿಯ ಮುಂದಿನ ತುದಿಯಲ್ಲಿ ಫೋರ್‌ಸ್ಟೇ ಹಿಡಿದಿರುವ ಲೋಹದ ಪಟ್ಟಿಗೂ ಹಾಗೇ ಮಾಡಿದೆವು, ಅದೂ ಗಟ್ಟಿ.

ಕೊನೆಯದಾಗಿ ಕ್ಯಾಬಿನ್ ಒಳಗಿನ ಅಲಂಕಾರದ ಹೊದಿಕೆ ತೆಗೆದು ತೊಲೆಯನ್ನು ನೋಡಿದೆವು. ನಡುಭಾಗ ಕಪ್ಪಾಗಿತ್ತು. ದಬ್ಬಳ ಒತ್ತಿದರೆ ತಡೆಯೇ ಇಲ್ಲದೆ ಹಿಡಿಯ ತನಕ ಒಳಗೆ ಹೋಯಿತು. ಮರ ಪೂರ್ತಿ ಲಡ್ಡಾಗಿತ್ತು.

ಬಿಗಿ ಮಾಡುವುದೇ ಪೆಟ್ಟು

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಈ ಪ್ರಕರಣದ ಗುಟ್ಟು ಅದರಲ್ಲಿದೆ.

1×19 ತಂತಿಗೆ ಒಂದು ಅನುಕೂಲದ ಗುಣ ಉಂಟು. 2 ಮೀಟರ್ ಉದ್ದದಲ್ಲಿ 1 ಮಿ.ಮೀ. ಹಿಗ್ಗಿದರೆ, ಅದರ ಮೇಲಿನ ಎಳೆತ ಅದು ಮುರಿಯುವ ಭಾರದ ಸುಮಾರು ಶೇಕಡಾ 5. ತಂತಿ ಎಷ್ಟೇ ದಪ್ಪ ಇರಲಿ, ಇದು ಬದಲಾಗುವುದಿಲ್ಲ. ಮೇಲಿನ ಶ್ರೌಡ್‌ಗಳನ್ನು ಸಾಮಾನ್ಯವಾಗಿ ಶೇಕಡಾ 15ರ ಆಸುಪಾಸಿಗೆ ಬಿಗಿಯುತ್ತಾರೆ. ಅಂದರೆ 2 ಮೀಟರಿಗೆ 3 ಮಿ.ಮೀ. ಶ್ರೌಡ್ 8 ಮೀಟರ್ ಉದ್ದ ಅಂತಿಟ್ಟುಕೊಳ್ಳಿ, ಒಟ್ಟು ಹಿಗ್ಗು ಬರೀ 12 ಮಿ.ಮೀ.

ಹಾಗಾದರೆ ಕಂಬದ ಬುಡ 12 ಮಿ.ಮೀ. ಕುಸಿದರೆ ಆ ಎಳೆತವೆಲ್ಲ ಸೊನ್ನೆ. ಕೆಳಗಿನ ಶ್ರೌಡ್ ಇದರ ಅರ್ಧ ಉದ್ದ, ಅದಕ್ಕೆ 6 ಮಿ.ಮೀ. ಸಾಕು. ಈ ದೋಣಿಯಲ್ಲಿ ಆದ ಕುಸಿತ 15 ಮಿ.ಮೀ. ಟರ್ನ್‌ಬಕಲ್ ಒಂದು ಪೂರ್ತಿ ಸುತ್ತು ತಿರುಗಿದರೆ ಎರಡೂ ಬದಿಯ ಥ್ರೆಡ್ ಸೇರಿ ಸುಮಾರು 2 ಮಿ.ಮೀ. ಮುಚ್ಚಿಕೊಳ್ಳುತ್ತದೆ. ಏಳೆಂಟು ಸುತ್ತಿಗೆ 15 ಮಿ.ಮೀ. ಆಯಿತು. ಟರ್ನ್‌ಬಕಲ್‌ಗಳು ಮುಚ್ಚಿಕೊಂಡ ಪ್ರಮಾಣವೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಲೆಕ್ಕ ಎರಡೂ ಕಡೆಯಿಂದ ಕೂಡಿಬಂತು.

ಯಜಮಾನರು ಬಿಗಿ ಮಾಡಿದಾಗಲೆಲ್ಲ ಕಂಬ ಇನ್ನಷ್ಟು ಜೋರಾಗಿ ಡೆಕ್ ಒತ್ತುತ್ತಿತ್ತು. ಕೊಳೆತ ಮರ ಇನ್ನಷ್ಟು ಕುಸಿಯುತ್ತಿತ್ತು. ತಂತಿ ಮತ್ತೆ ಸಡಿಲ. ಮತ್ತೆ ಬಿಗಿ. ಹೊಸ ತಂತಿ ಹಾಕಿದ್ದರೂ ಇದೇ ನಡೆಯುತ್ತಿತ್ತು. ಅಷ್ಟೇ ಅಲ್ಲ, ಕುಸಿದ ದೋಣಿಯ ಮೇಲೆ ಪಿನ್‌ನಿಂದ ಪಿನ್‌ಗೆ ಅಳತೆ ತೆಗೆದಿದ್ದರೆ ಪ್ರತಿ ತಂತಿಯೂ ಆ 15 ಮಿ.ಮೀ. ಗಿಡ್ಡವಾಗಿ ಬರುತ್ತಿತ್ತು.

ಬಿಗಿ ನಿಲ್ಲದ ತಂತಿಯನ್ನು ಮತ್ತೆ ಮತ್ತೆ ತಿರುಗಿಸುವವರಿಗೆ ನಾನು ಕಳಕಳಿಯಿಂದ ಹೇಳುವುದು ಇದೇ: ಎರಡನೇ ಸಲ ಸಡಿಲವಾದರೆ ಸ್ಪ್ಯಾನರ್ ಕೆಳಗಿಡಿ, ಕಂಬದ ಬುಡ ನೋಡಿ.

ಕಂಬ ಇಳಿಸಿ ಡೆಕ್ ತೆರೆದಾಗ

ಕಂಬ ಇಳಿಸುವ ವಿವರಕ್ಕೆ ಹೆಚ್ಚು ಹೋಗುವುದಿಲ್ಲ. ಈ ಅಳತೆಯ ಕಂಬವನ್ನು ಒಂದು ಆಸರೆ ಗಳ ಮತ್ತು ರಾಟೆ ಹಗ್ಗದಿಂದ ಕೆಲವರೇ ಸೇರಿ ಇಳಿಸಬಹುದು. ಎರಡು ವಿಷಯ ಮಾತ್ರ ಮರೆಯಬೇಡಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯಾ ಅಂತ ಮೊದಲು ತಲೆ ಎತ್ತಿ ನೋಡಿ. ಕಂಬ ಓಲಾಡಿ ಪಕ್ಕಕ್ಕೆ ಬೀಳದಂತೆ ಎರಡೂ ಬದಿಗೆ ಹಗ್ಗ ಹಿಡಿಯುವವರು ಇರಲಿ.

ಕಂಬದ ಪಾದ ಕೂರುವ ಲೋಹದ ತಟ್ಟೆ ಎತ್ತಿದಾಗ ಕಾರಣ ಎದುರಿಗೇ ಕಂಡಿತು. ತಟ್ಟೆ ಹಿಡಿದಿದ್ದ ನಾಲ್ಕು ಸ್ಕ್ರೂ, ಅವುಗಳ ಪಕ್ಕದಲ್ಲಿ ದೀಪದ ವೈರ್ ಇಳಿಸಲು ಕೊರೆದ ಒಂದು ತೂತು. ತೂತಿನ ಸುತ್ತ ಹಾಕಿದ್ದ ಸೀಲಂಟ್ (ನೀರು ತಡೆಯುವ ಅಂಟು) ಒಣಗಿ ತೂತಿನ ಅಂಚು ಬಿಟ್ಟಿತ್ತು. ಕಂಬದ ಒಳಗೆ ಇಳಿದ ಮಳೆನೀರು ಹೊರಗೆ ಹೋಗಲು ಪಾದದಲ್ಲಿ ಒಂದು ಸಣ್ಣ ಕಂಡಿ ಇರಬೇಕು. ಇತ್ತು, ಆದರೆ ಕಸ ಕಟ್ಟಿ ಮುಚ್ಚಿಹೋಗಿತ್ತು. ನೀರು ಅಲ್ಲೇ ನಿಂತು, ಈ ತೂತಿನಿಂದ ಡೆಕ್ ಒಳಗೆ ಜಿನುಗಿದೆ.

ಫೈಬರ್‌ಗ್ಲಾಸ್ ಡೆಕ್ ಅಂದರೆ ಒಂದೇ ಗಟ್ಟಿ ಹಲಗೆ ಅಲ್ಲ. ಮೇಲೆ ಒಂದು ಪದರ ಫೈಬರ್‌ಗ್ಲಾಸ್, ಕೆಳಗೆ ಒಂದು ಪದರ, ನಡುವೆ ಮರ. ಈ ದೋಣಿಯಲ್ಲಿ ಪ್ಲೈವುಡ್. ನೀರು ನಡುವಿನ ಮರಕ್ಕೆ ಹೋದರೆ ಹೊರಬರಲು ದಾರಿ ಇಲ್ಲ. ಮೇಲಿನ ಪದರವನ್ನು ಗುರುತಿನ ಒಳಗೆ ಚೌಕವಾಗಿ ಕೊಯ್ದು ಎತ್ತಿದಾಗ ಪ್ಲೈವುಡ್ ಪದರ ಪದರವಾಗಿ ಕೈಗೆ ಬಂತು. ಹಿಂಡಿದರೆ ಕಂದು ನೀರು. ಕಂಬದ ನೇರ ಕೆಳಗೆ ಅದು ಮೂಲ ದಪ್ಪದ ಅರ್ಧವೂ ಉಳಿದಿರಲಿಲ್ಲ.

ರಿಪೇರಿ

ತೂತು ಕೊರೆದು ತೆಳು ಎಪಾಕ್ಸಿ (ಒಣಗಿ ಕಲ್ಲಿನಂತಾಗುವ ಅಂಟು) ಸುರಿದರೆ ಸಾಕಲ್ಲವೇ ಅಂತ ಯಜಮಾನರು ಕೇಳಿದರು. ಬಹಳ ಜನ ಹಾಗೆ ಮಾಡುತ್ತಾರೆ. ನನ್ನ ಮಟ್ಟಿಗೆ ಕಂಬದ ಕೆಳಗೆ ಅದು ಬೇಡವೇ ಬೇಡ. ಒದ್ದೆ ಮರ ಎಪಾಕ್ಸಿ ಕುಡಿಯುವುದಿಲ್ಲ. ನೀರಿನ ಸುತ್ತ ಒಂದು ಚಿಪ್ಪು ಕಟ್ಟಿಕೊಳ್ಳುತ್ತದೆ ಅಷ್ಟೇ. ಮೇಲಿಂದ ಗಟ್ಟಿ ಅನ್ನಿಸುತ್ತದೆ, ಒಳಗೆ ಕೊಳೆಯುವುದು ನಿಲ್ಲುವುದಿಲ್ಲ.

ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಒಣ ಮರ ಸಿಗುವ ತನಕ ಹೋದೆವು. ಚೆನ್ನಾಗಿ ಒಣಗಲು ಬಿಟ್ಟೆವು, ಆತುರ ಮಾಡಲಿಲ್ಲ. ಅಷ್ಟರಲ್ಲಿ ಕೆಳಗಿನ ತೊಲೆ ಬಿಚ್ಚಿ, ಗಟ್ಟಿ ಮರದ ಪಟ್ಟಿಗಳನ್ನು ಎಪಾಕ್ಸಿಯಲ್ಲಿ ಒಂದರ ಮೇಲೊಂದು ಅಂಟಿಸಿ ಹೊಸ ತೊಲೆ ಮಾಡಿಕೊಂಡೆವು, ಡೆಕ್‌ನ ಉಬ್ಬಿಗೆ ಸರಿಯಾದ ಬಾಗು ಕೊಟ್ಟು. ಬಾಗಿಲಿನ ಎರಡೂ ಪಕ್ಕದಲ್ಲಿ ತೊಲೆಯ ಅಡಿಗೆ ಒಂದೊಂದು ಮರದ ಊರೆ ಸೇರಿಸಿದೆವು. ಮೊದಲು ಇವು ಇರಲಿಲ್ಲ, ತೊಲೆಯ ತುದಿ ಬರೀ ಅಡ್ಡಗೋಡೆಯ ಅಂಚಿಗೆ ಅಂಟಿಕೊಂಡಿತ್ತು. ಊರೆಗಳ ಬುಡ ಕೂರುವ ಕಡೆ ದೋಣಿಯ ತಳ ಗಟ್ಟಿ ಇದೆಯೇ ಅಂತಲೂ ತಟ್ಟಿ ನೋಡಿದೆವು. ಅಲ್ಲಿ ತೊಂದರೆ ಇರಲಿಲ್ಲ.

ಹೊಸ ತೊಲೆಯನ್ನು ಜಾಕ್ ಇಟ್ಟು ನಿಧಾನಕ್ಕೆ ಎತ್ತಿ, ಡೆಕ್‌ನ ಕೆಳಪದರವನ್ನು ಹಳೆ ಉಬ್ಬಿಗೆ ತಂದೆವು. ಆಮೇಲೆ ಮೇಲಿಂದ ತುಂಬುವ ಕೆಲಸ. ಕಂಬದ ನೇರ ಕೆಳಗಿನ ಜಾಗಕ್ಕೆ ಮತ್ತೆ ಮರ ಹಾಕಲಿಲ್ಲ. ಫೈಬರ್‌ಗ್ಲಾಸ್ ಬಟ್ಟೆಯ ಪದರಗಳನ್ನೇ ಎಪಾಕ್ಸಿಯಲ್ಲಿ ನೆನೆಸಿ ಪೂರ್ತಿ ಗಟ್ಟಿಯಾಗಿ ತುಂಬಿದೆವು. ಇಲ್ಲಿ ತೂತು ಬಿದ್ದರೂ ಕೊಳೆಯಲು ಏನೂ ಇಲ್ಲ. ಇದನ್ನು ಹಂತ ಹಂತವಾಗಿ ಮಾಡಬೇಕು. ಒಂದೇ ಸಲಕ್ಕೆ ದಪ್ಪ ತುಂಬಿದರೆ ಎಪಾಕ್ಸಿ ಗಟ್ಟಿಯಾಗುವಾಗ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಸುತ್ತಲಿನ ಉಳಿದ ಜಾಗಕ್ಕೆ ಹೊಸ ಮರೈನ್ ಪ್ಲೈವುಡ್.

ಮೇಲಿನ ಪದರ ಕೂಡಿಸುವಾಗ ಅಂಚುಗಳನ್ನು ಇಳಿಜಾರಾಗಿ ಉಜ್ಜಬೇಕು, ದಪ್ಪದ 12 ಪಟ್ಟು ಅಗಲಕ್ಕೆ. ಇಲ್ಲಿ ಪದರ 4 ಮಿ.ಮೀ., ಹಾಗಾಗಿ ಇಳಿಜಾರು ಸುಮಾರು 50 ಮಿ.ಮೀ. ಬರೀ ಅಂಚಿಗೆ ಅಂಚು ತಾಗಿಸಿ ಬಣ್ಣ ಬಳಿದರೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ತಟ್ಟೆಯ ಸ್ಕ್ರೂಗಳಿಗೆ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆದೆವು. ದೀಪದ ವೈರನ್ನು ತಟ್ಟೆಯ ಅಡಿಯಿಂದ ತೆಗೆದು, ಡೆಕ್‌ನಿಂದ ಮೇಲೆದ್ದು ಬಾಗಿದ ಒಂದು ಕೊಳವೆಯ ಮೂಲಕ ಇಳಿಸಿದೆವು. ಪಾದದ ಕಂಡಿಯನ್ನೂ ದೊಡ್ಡದು ಮಾಡಿದೆವು.

ತಂತಿಗಳ ಸರದಿ

ಈಗ ತಂತಿಗೆ ಬರೋಣ. ಕಂಬ ನೆಲದ ಮೇಲೆ ಮಲಗಿರುವಾಗ ಸಿಗುವಂಥ ಅವಕಾಶ ಇನ್ನೆಂದೂ ಸಿಗುವುದಿಲ್ಲ.

ಪ್ರತಿ ತಂತಿಯ ಮೇಲೆ ತೆಳು ಟಿಶ್ಯೂ ಕಾಗದ ಸುತ್ತಿ ಎಳೆದೆವು. ಎಡಬದಿಯ ಹಿಂದಿನ ಕೆಳ ಶ್ರೌಡ್‌ನಲ್ಲಿ, ಬುಡದ ಸ್ವೇಜ್‌ನ ಬಾಯಿಯಲ್ಲೇ ಕಾಗದ ಸಿಕ್ಕಿಕೊಂಡು ಹರಿಯಿತು. ಸ್ವೇಜ್ ಅಂದರೆ ತಂತಿಯ ತುದಿಗೆ ಒತ್ತಿ ಕೂರಿಸಿದ ಸ್ಟೀಲ್ ಕೊಳವೆ. ಅಲ್ಲಿ ಒಂದು ಎಳೆ ಮುರಿದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಮುರಿದ ತುದಿ ಚಪ್ಪಟೆ, ಪಕ್ಕದ ಎಳೆಯ ಮೇಲೆ ತುಕ್ಕಿನ ಕಂದು ಗೆರೆ. ಇನ್ನೊಂದು ಶ್ರೌಡ್‌ನ ಸ್ವೇಜ್‌ಗೆ ಕೆಂಪು ಬಣ್ಣದ ಪರೀಕ್ಷಾ ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸ್ಪ್ರೇ ಮಾಡಿದಾಗ ಉದ್ದಕ್ಕೆ ಕೂದಲಿನಷ್ಟು ತೆಳು ಕೆಂಪು ಗೆರೆ ಮೂಡಿತು. ಬಿರುಕು.

ಎರಡೂ ಬುಡದ ತುದಿಗಳೇ. ಇದರಲ್ಲಿ ಆಶ್ಚರ್ಯ ಇಲ್ಲ, ತಂತಿಯ ಉದ್ದಕ್ಕೂ ಇಳಿದ ಉಪ್ಪುನೀರು ನಿಲ್ಲುವುದು ಅಲ್ಲೇ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಉಳಿಯುವುದು ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿಂದ. ಆ ಪೊರೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿನಲ್ಲಿ ಉಪ್ಪುನೀರು ನಿಂತರೆ ಪೊರೆ ಹೋಗಿ, ಒಳಗೊಳಗೇ ತಿನ್ನುತ್ತದೆ. ಚೆಂದ ಕಾಣಲಿ ಅಂತ ಟರ್ನ್‌ಬಕಲ್‌ನಿಂದ ಸ್ವೇಜ್‌ವರೆಗೆ ಬಿಗಿಯಾಗಿ ಟೇಪ್ ಸುತ್ತಿದ್ದು ಇಲ್ಲಿ ಕೆಡುಕನ್ನೇ ಮಾಡಿತ್ತು. ಟೇಪ್ ಬೇಕಾಗುವುದು ಟರ್ನ್‌ಬಕಲ್ ತಾನಾಗಿ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್‌ನ ಚೂಪು ತುದಿಗೆ ಮಾತ್ರ, ಅದೂ ಒಂದು ಸುತ್ತು.

ಮುರಿದ ಎಳೆಗೂ ಕುಸಿದ ಡೆಕ್‌ಗೂ ಸಂಬಂಧ ಇತ್ತು ಅಂತ ನಾನು ನಂಬುತ್ತೇನೆ. ಸಡಿಲ ತಂತಿ ಸುಮ್ನೆ ನೇತಾಡುವುದಿಲ್ಲ. ಪ್ರತಿ ಅಲೆಗೂ ಜೋತು ಬಿದ್ದು ಜಗ್ಗಿ ನಿಲ್ಲುತ್ತದೆ. ಒಂದೇ ಸಮನೆ ಇರುವ ದೊಡ್ಡ ಎಳೆತಕ್ಕಿಂತ ಹೀಗೆ ಜಗ್ಗಿ ಜಗ್ಗಿ ಬಿಡುವುದು ಲೋಹವನ್ನು ಬೇಗ ದಣಿಸುತ್ತದೆ. ಮುಚ್ಚಿಹೋದ ಒಂದು ಕಂಡಿ, ಸೀಲಂಟ್ ಬಿಟ್ಟ ಒಂದು ತೂತು, ಕಡೆಗೆ ಕಂಬವೇ ಬೀಳಬಹುದಾದ ತನಕ ಬಂದು ನಿಂತಿತ್ತು.

ಒಂದು ಎಳೆ ಹೋದರೆ 19ರಲ್ಲಿ ಒಂದು ಹೋಯಿತು, ಉಳಿದ 18 ಇವೆಯಲ್ಲ ಅನ್ನುವ ವಾದ ಬಂತು. ಉಳಿದ 18 ಎಳೆಗಳದ್ದೂ ಅದೇ ವಯಸ್ಸು, ಅದೇ ಉಪ್ಪು, ಅದೇ ಜಗ್ಗಾಟ. ತಂತಿ ಹಾಕಿದ ವರ್ಷವೂ ಗೊತ್ತಿರಲಿಲ್ಲ. 10ರಿಂದ 15 ವರ್ಷಕ್ಕೆ ತಂತಿ ಬದಲಾಯಿಸುವುದು ಈ ಕಸುಬಿನವರ ಸಾಮಾನ್ಯ ರೂಢಿ. ಎಂಟನ್ನೂ ಬದಲಾಯಿಸಿದೆವು. ಹಾಗೆ ನೋಡಿದರೆ ಮೊದಲು ಸಲಹೆ ಕೊಟ್ಟವರು ಹೇಳಿದ ಕೆಲಸವೇ ಆಯಿತು, ಆದರೆ ಸರಿಯಾದ ಸರದಿಯಲ್ಲಿ.

"ಹೇಗೂ ಹಾಕ್ತಿದೀವಿ, 5 ಮಿ.ಮೀ. ಹಾಕೋಣ್ವಾ? ಇನ್ನೂ ಗಟ್ಟಿ ಇರುತ್ತೆ" ಅಂದರು ಯಜಮಾನರು.

ಬೇಡ ಅಂದೆ. ದಪ್ಪ ತಂತಿಯನ್ನು ಅದೇ ಶೇಕಡಾವಾರಿಗೆ ಬಿಗಿದರೆ ಕಂಬದ ಬುಡದ ಒತ್ತಡ ಜಾಸ್ತಿ. ಮೇಲೆ ತೂಕವೂ ಜಾಸ್ತಿ. ಕಟ್ಟಿದವರು ಲೆಕ್ಕ ಹಾಕಿದ್ದು 4 ಮಿ.ಮೀ.ಗೆ, ಅದೇ ಇರಲಿ. ಉಕ್ಕು ಮಾತ್ರ 316 ದರ್ಜೆಯದ್ದು. ಅದರಲ್ಲಿ ಶೇಕಡಾ 2ರಿಂದ 3 ಮಾಲಿಬ್ಡಿನಮ್ ಇರುವುದರಿಂದ ಉಪ್ಪುನೀರಿಗೆ 304 ದರ್ಜೆಗಿಂತ ಚೆನ್ನಾಗಿ ತಡೆಯುತ್ತದೆ. ಮೇಲಿನ ತುದಿಗೆ ಸ್ವೇಜ್, ಬುಡದ ತುದಿಗೆ ಸ್ಪ್ಯಾನರಿನಲ್ಲಿ ಬಿಚ್ಚಿ ನೋಡಬಹುದಾದ ಕೋನ್ ಬಗೆಯ ಟರ್ಮಿನಲ್ (ತಂತಿಯ ತುದಿ ಹಿಡಿಯುವ ಬಿಡಿಭಾಗ). ಬೇಗ ಕೆಡುವ ತುದಿ ಯಾವಾಗಲೂ ತೆರೆದು ನೋಡುವಂತಿರಲಿ ಅನ್ನುವುದು ನನ್ನ ಹಠ.

ಇನ್ನೆರಡು ಸಣ್ಣ ದೋಷಗಳು. ಫೋರ್‌ಸ್ಟೇ ಬುಡದಲ್ಲಿ ಟಾಗಲ್ ಇರಲಿಲ್ಲ. ಟಾಗಲ್ ಅನ್ನುವುದು ಎರಡೂ ದಿಕ್ಕಿಗೆ ಆಡುವ ಕೀಲು. ಹಾಯಿ ತುಂಬಿದಾಗ ಫೋರ್‌ಸ್ಟೇ ಪಕ್ಕಕ್ಕೆ ಬಾಗುತ್ತದೆ, ಕೀಲಿಲ್ಲದಿದ್ದರೆ ಆ ಬಾಗು ಟರ್ನ್‌ಬಕಲ್‌ನ ಬೋಲ್ಟ್ ಮೇಲೆ ಬೀಳುತ್ತದೆ. ಹಳೆ ಬೋಲ್ಟ್ ಮೇಜಿನ ಮೇಲೆ ಉರುಳಿಸಿದರೆ ಬಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಟಾಗಲ್ ಹಾಕಿ, ಅದರ ಉದ್ದದಷ್ಟು ತಂತಿ ಕಡಿಮೆ ಮಾಡಿದೆವು. ಇನ್ನೊಂದು, ಬಲ ಸ್ಪ್ರೆಡರ್ ಕೆಳಗೆ ಜೋತಿತ್ತು. ಸ್ಪ್ರೆಡರ್ ಯಾವಾಗಲೂ ಸ್ವಲ್ಪ ಮೇಲ್ಮುಖವಾಗಿ, ತಂತಿಯ ಮೇಲಿನ ಮತ್ತು ಕೆಳಗಿನ ಕೋನ ಸಮ ಆಗುವಂತೆ ನಿಲ್ಲಬೇಕು. ಇಲ್ಲವಾದರೆ ಭಾರ ಬಿದ್ದಾಗ ತುದಿ ತಂತಿಯ ಮೇಲೆ ಜಾರುತ್ತದೆ. ಸರಿಯಾದ ಕೋನಕ್ಕೆ ಎತ್ತಿ, ತೆಳು ತಂತಿಯಿಂದ ಬಿಗಿದು ಕಟ್ಟಿದೆವು.

ಬಿಗಿ ಹೊಂದಿಸಿದ್ದು

ಕಂಬ ನಿಲ್ಲಿಸಿ, ಥ್ರೆಡ್‌ಗಳಿಗೆಲ್ಲ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಹಚ್ಚಿದೆವು. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿದ್ದು ಭಾರದಲ್ಲಿ ತಿರುಗಿದರೆ ಕಚ್ಚಿಕೊಂಡು ಬೆಸೆದುಹೋಗುತ್ತದೆ. ಎಲ್ಲ ಟರ್ನ್‌ಬಕಲ್‌ಗಳೂ ಈಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೆರೆದಿದ್ದವು.

ಮೊದಲು ಕಂಬ ಪಕ್ಕಕ್ಕೆ ವಾಲದಂತೆ ನೋಡಬೇಕು. ನೆತ್ತಿಯಿಂದ ಇಳಿಯುವ, ಹಾಯಿ ಏರಿಸುವ ಹ್ಯಾಲ್ಯಾರ್ಡ್ ಹಗ್ಗಕ್ಕೆ ಅಳತೆ ಟೇಪ್ ಕಟ್ಟಿ ಮೇಲೆಳೆದು, ಎರಡೂ ಬದಿಯ ಚೈನ್‌ಪ್ಲೇಟ್‌ಗೆ ಇರುವ ದೂರ ಸಮ ಮಾಡಿದೆವು. ಆಮೇಲೆ ಮೇಲಿನ ಶ್ರೌಡ್ ಬಿಗಿ. ಇದಕ್ಕೆ ಮೊದಲೇ ಹೇಳಿದ ಹಿಗ್ಗಿನ ಲೆಕ್ಕವೇ ಸಾಕು, ಬೇರೆ ಉಪಕರಣ ಬೇಡ. ತಂತಿಯನ್ನು ಕೈಯಲ್ಲೇ ನೇರ ಆಗುವಷ್ಟು ಬಿಗಿ ಮಾಡಿ, 2 ಮೀಟರ್ ಸ್ಕೇಲಿನ ಮೇಲ್ತುದಿಯನ್ನು ತಂತಿಗೆ ಟೇಪಿನಿಂದ ಗಟ್ಟಿಯಾಗಿ ಸುತ್ತಿದೆವು. ಕೆಳತುದಿ ಟರ್ಮಿನಲ್‌ನ ಮೇಲಂಚಿಗೆ ಸರಿಯಾಗಿ ಬಂದು ನಿಂತಿತು. ಎರಡೂ ಬದಿಯ ಟರ್ನ್‌ಬಕಲ್‌ಗಳನ್ನು ಸರದಿಯಂತೆ ಸಮ ಸುತ್ತು ತಿರುಗಿಸುತ್ತಾ ಬಂದಾಗ ಸ್ಕೇಲ್ ತುದಿಗೂ ಟರ್ಮಿನಲ್‌ಗೂ ನಡುವೆ ಸಂದು ತೆರೆದುಕೊಳ್ಳುತ್ತಾ ಹೋಯಿತು. 3 ಮಿ.ಮೀ. ಆದಾಗ ನಿಲ್ಲಿಸಿದೆವು. ಅದು ಶೇಕಡಾ 15.

ಬ್ಯಾಕ್‌ಸ್ಟೇ ಎಳೆದರೆ ಫೋರ್‌ಸ್ಟೇ ತಾನಾಗಿ ಬಿಗಿಯಾಗುತ್ತದೆ. ಕೆಳಗಿನ ಶ್ರೌಡ್‌ಗಳಲ್ಲಿ ಮುಂದಿನವನ್ನು ಹಿಂದಿನವಕ್ಕಿಂತ ಸ್ವಲ್ಪ ಹೆಚ್ಚು ಬಿಗಿದೆವು, ಕಂಬದ ನಡು ಒಂಚೂರು ಮುಂದಕ್ಕೆ ಬಾಗಿರಲಿ ಅಂತ. ಹಾಯಿ ಕೂರುವ ಸೀಳಿಗೆ ಕಣ್ಣಿಟ್ಟು ಕೆಳಗಿನಿಂದ ಮೇಲಕ್ಕೆ ನೋಡಿದರೆ ಪಕ್ಕಕ್ಕೆ ಸೊಟ್ಟ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಹಾಯಿ ಏರಿಸಿ ನೋಡಿದೆವು. ದೋಣಿ 15ರಿಂದ 20 ಡಿಗ್ರಿ ವಾಲಿದಾಗ ಮರೆಯ ಕಡೆಯ ಮೇಲಿನ ಶ್ರೌಡ್ ಆಗಷ್ಟೇ ಬಿಗಿ ಕಳೆದುಕೊಳ್ಳಬೇಕು, ಜೋತು ಬೀಳಬಾರದು. ಹಾಗೇ ಇತ್ತು. ಕ್ಯಾಬಿನ್ ಒಳಗೆ ಬಾಗಿಲು ತೆಗೆದು ಹಾಕಿ ನೋಡಿದೆವು. ಉಜ್ಜಿಸಿದ ಮೇಲಂಚಿನಿಂದಾಗಿ ಈಗ ಸಂದು ಜಾಸ್ತಿಯೇ ಆಗಿದೆ, ಅದಕ್ಕೊಂದು ಪಟ್ಟಿ ಅಂಟಿಸಬೇಕು. ಹೊಸ ತಂತಿಯ ಮೊದಲ ಹಿಗ್ಗು ಬಂದ ಮೇಲೆ ಒಂದು ಸಲ ಮತ್ತೆ ಬಿಗಿ ಮಾಡಿದೆವು, ಒಂದು ಸುತ್ತಿಗಿಂತ ಕಡಿಮೆ. ಆಮೇಲೆ ನೇರ ಪಟ್ಟಿ ಇಟ್ಟು ಡೆಕ್‌ನ ಉಬ್ಬು ಅಳೆದೆವು. ಕದಲಿರಲಿಲ್ಲ.

ಉಳಿದದ್ದು ಒಂದೇ ತಕರಾರು. ದೋಣಿ ಈಗ ಗಾಳಿಗೆ ಚೆನ್ನಾಗಿ ಮುಖ ಮಾಡುತ್ತಿತ್ತು, ಆದರೆ ಜಾಸ್ತಿಯೇ ಮಾಡುತ್ತಿತ್ತು. ಚುಕ್ಕಾಣಿ ಬಿಟ್ಟರೆ ಗಾಳಿಯ ಕಡೆ ತಿರುಗಿಬಿಡುತ್ತಿತ್ತು, ಹಿಡಿದುಕೊಂಡರೆ ಕೈ ಸೋಲುತ್ತಿತ್ತು. ಕಂಬ ಹಿಂದಕ್ಕೆ ಹೆಚ್ಚು ವಾಲಿದೆ ಅನ್ನುವುದಕ್ಕೆ ಇದು ಗುರುತು. ಹಾಯಿಗಳ ಬಲ ಹಿಂದೆ ಸರಿದು ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸುತ್ತದೆ. ಬ್ಯಾಕ್‌ಸ್ಟೇ ಬಿಟ್ಟುಕೊಟ್ಟು ಫೋರ್‌ಸ್ಟೇಯನ್ನು ಅಷ್ಟೇ ಸುತ್ತು ಗಿಡ್ಡ ಮಾಡಿ, ಕಂಬದ ತುದಿಯನ್ನು ಮುಂದಕ್ಕೆ ತಂದೆವು. ಎರಡು ಸಲ ಹೀಗೆ ಮಾಡಿದ ಮೇಲೆ ಚುಕ್ಕಾಣಿ ಹಗುರಾಯಿತು. ಸ್ಪ್ಲಿಟ್ ಪಿನ್ ಹಾಕಿ, ಅದರ ಕಾಲುಗಳನ್ನು ಪೂರ್ತಿ ಮಡಚದೆ ಸ್ವಲ್ಪವೇ ಅಗಲಿಸಿದೆವು, ಬೇಕಾದಾಗ ಇಕ್ಕಳದಲ್ಲಿ ಎಳೆದು ತೆಗೆಯುವಂತೆ. ಪ್ರತಿ ಟರ್ನ್‌ಬಕಲ್‌ನಲ್ಲಿ ಬೋಲ್ಟ್ ತುದಿಗಳ ನಡುವಿನ ಅಂತರವನ್ನೂ, ಪಟ್ಟಿ ಇಟ್ಟು ಅಳೆದ ಡೆಕ್‌ನ ಉಬ್ಬನ್ನೂ ಯಜಮಾನರು ದೋಣಿಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ.